ಚಿಕಿತ್ಸೆ ಮುಗಿದ ಮೇಲಿನ ವರ್ಷಗಳು: ಕ್ಯಾನ್ಸರ್ ನಂತರದ ಮನೆ, ಕಾಯಕ ಮತ್ತು ಮರುತಪಾಸಣೆ



ಶಸ್ತ್ರಚಿಕಿತ್ಸೆ, ಕೀಮೋ, ನಮ್ಮ ಹಳ್ಳಿಗಳಲ್ಲಿ ‘ಕರೆಂಟು ಕೊಡುವುದು’ ಎಂದು ಕರೆಯುವ ವಿಕಿರಣ ಚಿಕಿತ್ಸೆ, ಇವೆಲ್ಲ ಮುಗಿದ ಬಳಿಕ ಕುಟುಂಬದವರು ಶ್ರೀಮಠಕ್ಕೆ ಬಂದು ಗದ್ದುಗೆಗೆ ನಮಸ್ಕರಿಸಿ ಹೋಗುವುದನ್ನು ನಾವು ಅನೇಕ ಬಾರಿ ಕಂಡಿದ್ದೇವೆ. ಅಂದು ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮುಗಿಯಿತು, ಇನ್ನು ಚಿಂತೆಯಿಲ್ಲ.’ ಒಂದೆರಡು ತಿಂಗಳು ಕಳೆದು ಅವರೇ ಮತ್ತೆ ಬಂದಾಗ ಮಾತು ಬೇರೆಯಾಗಿರುತ್ತದೆ. ‘ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಇವಳು ಮೊದಲಿನಂತಿಲ್ಲ’ ಎಂದು ಪತಿಯು ಹೇಳಿದರೆ, ‘ಒಂದು ದಿನ ಲೋಟವನ್ನೂ ಎತ್ತಗೊಡುವುದಿಲ್ಲ, ಮರುದಿನ ನನಗೆ ಏನೂ ಆಗಿಯೇ ಇಲ್ಲವೆಂಬಂತೆ ನಡೆಸಿಕೊಳ್ಳುತ್ತಾರೆ’ ಎಂದು ಪತ್ನಿಯು ಹೇಳುತ್ತಾಳೆ.

ಇಬ್ಬರ ಮಾತೂ ನಿಜ. ಚಿಕಿತ್ಸೆ ಮುಗಿದಿದೆ, ಆರೈಕೆ ಮುಗಿದಿಲ್ಲ. ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ನಡೆಯುವ ಈ ಅವಧಿಯಲ್ಲಿ ಮನುಷ್ಯನು ರೋಗಿಯೂ ಅಲ್ಲ, ಮೊದಲಿನಂತೆ ಇರುವವನೂ ಅಲ್ಲ. ಇದು ತನ್ನದೇ ಆದ ಒಂದು ಘಟ್ಟವೆಂದು ಮನೆಯವರು ಒಪ್ಪಿಕೊಳ್ಳದಿದ್ದರೆ, ರೋಗವು ಹೋದ ಮನೆಯಲ್ಲಿ ಮುನಿಸು ಉಳಿಯುತ್ತದೆ. ನಾವು ವೈದ್ಯರಲ್ಲ, ಇಲ್ಲಿ ಬರೆದಿರುವುದು ವೈದ್ಯರು ಸಾಮಾನ್ಯವಾಗಿ ತಿಳಿಸುವ ಸಂಗತಿಗಳನ್ನು ಮನೆಯ ಮಾತಿನಲ್ಲಿ ವಿವರಿಸುವ ಪ್ರಯತ್ನ ಮಾತ್ರ. ನಮ್ಮ ದೇಶದಲ್ಲಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್, ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಾಣುವುದರಿಂದ ಈ ಎರಡನ್ನೇ ಮುಂದಿಟ್ಟುಕೊಂಡಿದ್ದೇವೆ.

ಮೊದಲು ಮರುತಪಾಸಣೆಯ ವಿಚಾರ. ಬಾಯಿ, ಗಂಟಲಿನ ಕ್ಯಾನ್ಸರ್ ಮರಳುವುದಾದರೆ ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲಿ ಮರಳುತ್ತದೆ. ಆದುದರಿಂದಲೇ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಅಲ್ಲಿಂದ ಐದನೆಯ ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ ಬರಲು ಹೇಳುವುದು ರೂಢಿ. ಸ್ತನ ಕ್ಯಾನ್ಸರ್ ಆದವರಿಗೆ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಂತರದ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ. ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಂ. ಸ್ತನ ಕ್ಯಾನ್ಸರಿನ ಕೆಲವು ಬಗೆಗಳು ಹತ್ತು ವರ್ಷ ಕಳೆದ ಮೇಲೂ ಮರಳಬಲ್ಲವು. ಹಾಗಾಗಿ ‘ಐದು ವರ್ಷವಾಯಿತು, ಇನ್ನು ಆಸ್ಪತ್ರೆಯ ಹಂಗಿಲ್ಲ’ ಎನ್ನುವುದು ಸಲ್ಲದು. ಇವು ಸಾಮಾನ್ಯ ಲೆಕ್ಕಗಳು. ನಿಮ್ಮ ಚೀಟಿಯಲ್ಲಿ ವೈದ್ಯರು ಬರೆದ ದಿನಾಂಕವೇ ನಿಮಗೆ ಪ್ರಮಾಣ.

ತಪ್ಪಿಸಿಕೊಳ್ಳುವವರ ಕಾರಣಗಳು ನಮಗೆ ಪರಿಚಿತ. ನೋವಿಲ್ಲ, ಚೆನ್ನಾಗಿಯೇ ಇದ್ದೇನೆ; ಸುಗ್ಗಿ ಮುಗಿಯಲಿ; ಮಗಳ ಪರೀಕ್ಷೆ ಮುಗಿಯಲಿ; ಹೋದರೆ ಏನಾದರೂ ಹೇಳಿಬಿಟ್ಟಾರು. ಕೊನೆಯದೇ ನಿಜವಾದ ಕಾರಣ, ಉಳಿದವು ಅದರ ಮೇಲೆ ಹೊದಿಸಿದ ಬಟ್ಟೆ. ಇದಕ್ಕೆ ವಿರುದ್ಧವಾಗಿ, ಆರು ತಿಂಗಳಿಗೊಮ್ಮೆ ಇಡೀ ದೇಹದ ಸ್ಕ್ಯಾನ್ ಆಗಲೇಬೇಕೆಂದು ಸಾಲ ಮಾಡಿಯಾದರೂ ಹೊರಡುವ ಮನೆಗಳೂ ಇವೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದು ಯಾವ ತೊಂದರೆಯೂ ಇಲ್ಲದವರಿಗೆ ಹೀಗೆ ಪದೇ ಪದೇ ಸ್ಕ್ಯಾನು, ರಕ್ತಪರೀಕ್ಷೆ ಮಾಡಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ವೈದ್ಯರು ಸ್ಕ್ಯಾನ್ ಬರೆಯಲಿಲ್ಲವೆಂದರೆ ಅದು ಅಲಕ್ಷ್ಯವಲ್ಲ. ಕೈಯಿಂದ ಮುಟ್ಟಿ ನೋಡುವುದು, ಮಾತನಾಡಿಸಿ ವಿಚಾರಿಸುವುದು ತಪಾಸಣೆಯ ದೊಡ್ಡ ಭಾಗವೇ ಆಗಿದೆ. ಆದರೆ ಹೊಸ ಗಂಟು, ಬಾಯಲ್ಲಿ ಮಾಯದ ಹುಣ್ಣು, ದನಿಯಲ್ಲಿ ಬದಲಾವಣೆ, ಬಿಡದ ಕೆಮ್ಮು, ಒಂದೇ ಜಾಗದ ಎಲುಬಿನ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವು ಎರಡು ವಾರ ಮೀರಿದರೆ ಚೀಟಿಯ ದಿನಾಂಕಕ್ಕೆ ಕಾಯಬಾರದು.

ತಪಾಸಣೆಯ ದಿನ ಹತ್ತಿರವಾದಂತೆ ನಿದ್ರೆ ಕೆಡುವುದು, ಸಣ್ಣ ಮಾತಿಗೂ ಸಿಡುಕುವುದು, ಊಟ ಸೇರದಿರುವುದು ಎಲ್ಲರಲ್ಲೂ ಉಂಟು. ಮನೆಯವರು ಇದನ್ನು ‘ದೇವರ ಮೇಲೆ ನಂಬಿಕೆ ಸಾಲದು’ ಎಂದು ಅಳೆಯಬಾರದು. ನಂಬಿಕೆಯುಳ್ಳವರಿಗೂ ಭಯವಾಗುತ್ತದೆ. ಆ ವಾರದಲ್ಲಿ ಮನೆಯಲ್ಲಿ ಮದುವೆಯ ಮಾತುಕತೆ, ಆಸ್ತಿಯ ಪಾಲು, ಸಾಲದ ಲೆಕ್ಕ ಇಂಥವನ್ನು ಎತ್ತದಿದ್ದರೆ ಅದೇ ದೊಡ್ಡ ಉಪಕಾರ. ಫಲಿತಾಂಶ ಬಂದ ಬಳಿಕವೂ ಭಯವು ವಾರಗಟ್ಟಲೆ ಬಿಡದೆ ನಿತ್ಯದ ಕೆಲಸವನ್ನೇ ಕೆಡಿಸುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ದಣಿವು. ಮನೆಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಕಾರಣವಾಗುವುದು ಇದೇ. ದುಡಿದು ಬಂದ ಆಯಾಸವು ರಾತ್ರಿ ಮಲಗಿದರೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ದಣಿವು ಹಾಗಲ್ಲ. ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರವಾಗಿಯೇ ಇರುತ್ತದೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷವಿಡೀ. ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಕೂದಲು ಬೆಳೆದಿದೆ, ಮುಖಕ್ಕೆ ಕಳೆ ಬಂದಿದೆ, ಹಾಗಿದ್ದೂ ಬೆಳಿಗ್ಗೆ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ‘ಆಗ ಹುಷಾರಿಲ್ಲದಿದ್ದಾಗ ಸರಿ, ಈಗೇನು?’ ಎಂಬ ಅತ್ತೆಯ ಒಂದು ಮಾತು, ಅಥವಾ ಸೊಸೆಯ ಒಂದು ನಿಟ್ಟುಸಿರು, ಆಸ್ಪತ್ರೆಯ ಸೂಜಿಗಿಂತ ಆಳಕ್ಕೆ ಇಳಿಯುತ್ತದೆ. ಇದು ಸೋಮಾರಿತನವಲ್ಲವೆಂಬುದನ್ನು ಮನೆಯ ಹಿರಿಯರೇ ಎಲ್ಲರೆದುರು ಒಮ್ಮೆ ಹೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಹಾಗೆಂದು ಮಲಗಿಯೇ ಇರುವುದು ಮದ್ದಲ್ಲ. ನಡೆಯುವುದೇ ಈ ದಣಿವಿಗೆ ಇರುವ ಒಳ್ಳೆಯ ಉಪಾಯಗಳಲ್ಲೊಂದು ಎಂದು ವೈದ್ಯರು ಹೇಳುತ್ತಾರೆ. ಮೊದಲು ದಿನಕ್ಕೆ ಹತ್ತು ನಿಮಿಷ, ಕ್ರಮೇಣ ವಾರಕ್ಕೆ 150 ನಿಮಿಷದವರೆಗೆ. ದಣಿವಿನ ಹಿಂದೆ ರಕ್ತಹೀನತೆ ಇರಬಹುದು. ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಗ್ರಂಥಿಯು ನಿಧಾನಗೊಂಡಿರಬಹುದು. ಅಂಥವರಿಗೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಬೇಕು. ‘ವಯಸ್ಸಾಯಿತು’ ಎಂದು ಸುಮ್ಮನಾದವರು ಒಂದು ಸಣ್ಣ ಮಾತ್ರೆಯಿಂದ ಚೇತರಿಸಿಕೊಂಡದ್ದುಂಟು.

ಮನೆಗೆಲಸವನ್ನು ಹಂಚಿಕೊಳ್ಳುವಾಗ ಒಂದು ಸೂಕ್ಷ್ಮವಿದೆ. ನಮಗೆ ಪರಿಚಿತರಾದ ತಾಯಿಯೊಬ್ಬರಿಗೆ ಶಸ್ತ್ರಚಿಕಿತ್ಸೆಯ ನಂತರ ಮನೆಯವರು ಅಡುಗೆಮನೆಯ ಹೊಸ್ತಿಲು ತುಳಿಯಗೊಡಲಿಲ್ಲ. ಪ್ರೀತಿಯಿಂದಲೇ. ನಲವತ್ತು ವರ್ಷ ಆ ಮನೆಗೆ ರೊಟ್ಟಿ ಬಡಿದ ಕೈ ಅದು. ‘ನಾನು ಸತ್ತ ಮೇಲೆ ಮನೆ ಹೇಗೆ ನಡೆಯುತ್ತದೆ ಎಂದು ಬದುಕಿರುವಾಗಲೇ ತೋರಿಸುತ್ತಿದ್ದಾರೆ’ ಎಂದು ಅವರು ನಮ್ಮ ಮುಂದೆ ಕಣ್ಣೀರಿಟ್ಟರು. ಆಮೇಲೆ ಮನೆಯವರು ಕೂಡಿ ಮಾತನಾಡಿದರು. ಬೆಳಗಿನ ರೊಟ್ಟಿ ಸೊಸೆಯದು, ಸಂಜೆಯ ಪಲ್ಯ, ಸಾರು ಅತ್ತೆಯದು, ನೀರು ಹೊರುವುದು ಮಗನದು ಎಂದಾಯಿತು. ಯಾವ ಕೆಲಸ ಬೇಕು, ಯಾವುದು ಬೇಡ ಎಂಬುದನ್ನು ಅವರನ್ನೇ ಕೇಳಬೇಕು. ಅವರ ಪರವಾಗಿ ನಾವು ತೀರ್ಮಾನಿಸಬಾರದು. ಕಾಯಕವನ್ನು ಬದುಕೆಂದು ಬಗೆದವರ ಕೈಯಿಂದ ಅದನ್ನು ಪೂರ್ತಿ ಕಿತ್ತುಕೊಳ್ಳುವುದು ಆರೈಕೆಯಾಗದು.

ರೊಟ್ಟಿ ಬಡಿಯುವ ಕೈ ಎಂದೆವು. ಆ ಕೈಯ ಬಗ್ಗೆಯೂ ಹೇಳಬೇಕು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಭಾಗದ ಕೈಗೆ ಬಾವು ಬರಬಹುದು, ಅದೂ ವರ್ಷಗಳ ನಂತರ. ಬಳೆ ಬಿಗಿಯಾಗುವುದು, ಕುಪ್ಪಸದ ತೋಳು ಹಿಡಿಯುವುದು ಮೊದಲ ಗುರುತು. ಆ ಕೈಯಿಂದ ಏನನ್ನೂ ಎತ್ತಬಾರದೆಂದು ಹಿಂದೆ ಹೇಳುತ್ತಿದ್ದರು. ಸ್ವಲ್ಪ ಸ್ವಲ್ಪವಾಗಿ ಭಾರವನ್ನು ಹೆಚ್ಚಿಸುತ್ತ ರೂಢಿಮಾಡಿಕೊಂಡರೆ ತೊಂದರೆಯಿಲ್ಲವೆಂದು ಈಗ ತಿಳಿದುಬಂದಿದೆ. ಒಮ್ಮೆಲೇ ತುಂಬಿದ ಕೊಡ ಎತ್ತುವುದು ಬೇಡ. ಗಾಯ, ಸುಟ್ಟಗಾಯ, ಮುಳ್ಳು ಚುಚ್ಚುವುದನ್ನು ತಪ್ಪಿಸಬೇಕು. ಹೊಲದಲ್ಲಿ ಕಳೆ ಕೀಳುವಾಗ ಕೈಗವಸು ಇರಲಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅಂದೇ ವೈದ್ಯರನ್ನು ಕಾಣಬೇಕು.

ಎಡಭಾಗದ ಶಸ್ತ್ರಚಿಕಿತ್ಸೆಯಾದ ತಾಯಂದಿರು ಇಷ್ಟಲಿಂಗ ಪೂಜೆಯಲ್ಲಿ ಎಡಗೈಯನ್ನು ಬಹಳ ಹೊತ್ತು ಎತ್ತಿ ಹಿಡಿಯಲಾಗದೆಂದು ಸಂಕೋಚದಿಂದ ಕೇಳುತ್ತಾರೆ. ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರೆ, ಮಣೆಯ ಮೇಲೆ ಕೈಯನ್ನು ಊರಿಕೊಂಡರೆ ಪೂಜೆಗೆ ಯಾವ ಕೊರತೆಯೂ ಇಲ್ಲ. ಕುತ್ತಿಗೆ, ಎದೆಗೆ ವಿಕಿರಣ ಪಡೆದವರ ಚರ್ಮ ಕೆಲವು ವಾರ ಬೆಂದಂತಿರುತ್ತದೆ. ವೈದ್ಯರು ಒಪ್ಪುವವರೆಗೆ ಆ ಜಾಗಕ್ಕೆ ವಿಭೂತಿ ಬೇಡ, ಹಣೆಗೆ ಸಾಕು; ಶಿವದಾರ, ಕರಡಿಗೆ ಉಜ್ಜದಂತೆ ಮೆತ್ತನೆಯ ಹತ್ತಿಯ ಬಟ್ಟೆಯ ಆಸರೆ ಇರಲಿ. ಶ್ರಾವಣದ ಉಪವಾಸವನ್ನು ವೈದ್ಯರನ್ನು ಕೇಳದೆ ಹಿಡಿಯಬೇಡಿ.

ಬಾಯಿಯ ಕ್ಯಾನ್ಸರ್ ಆದವರ ಮನೆಯಲ್ಲಿ ಊಟದ ಪಂಕ್ತಿಯೇ ಪರೀಕ್ಷೆಯ ಸ್ಥಳ. ವಿಕಿರಣದ ಬಳಿಕ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಖಾರ ಸಹಿಸದು, ಖಡಕ್ ರೊಟ್ಟಿಯಂತೂ ದೂರದ ಮಾತು. ಜೋಳದ ನುಚ್ಚು, ಗಂಜಿ, ಮಜ್ಜಿಗೆಯಲ್ಲಿ ಕಲಸಿದ ಮೆತ್ತನೆಯ ಅನ್ನ, ತುಪ್ಪ ಹಾಕಿದ ಬೇಳೆಕಟ್ಟು ಹಿಡಿಸುತ್ತವೆ. ನಾಲ್ವರ ನಡುವೆ ಕುಳಿತು ನಿಧಾನವಾಗಿ ಉಣ್ಣಲು ನಾಚಿ ಅನೇಕರು ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಕರೆಯುವವರು ಮೊದಲೇ ‘ನಿಮಗೆ ನುಚ್ಚು ಮಾಡಿಸಿದ್ದೇವೆ, ಬನ್ನಿ’ ಎಂದು ತಿಳಿಸಿದರೆ ಅವರು ಬರುತ್ತಾರೆ.

ಬಾಯಿ ತೆರೆಯುವ ವ್ಯಾಯಾಮವನ್ನು ಬಿಡಬಾರದು. ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುವಷ್ಟು ಬಾಯಿ ತೆರೆಯುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು. ಕಡಿಮೆಯಾಗುತ್ತಿದ್ದರೆ ತಪಾಸಣೆಯಲ್ಲಿ ಹೇಳಬೇಕು. ಇನ್ನೊಂದು ಮುಖ್ಯ ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ದವಡೆಗೆ ವಿಕಿರಣ ಪಡೆದವರು, ಎಷ್ಟೇ ವರ್ಷ ಕಳೆದಿರಲಿ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬಾರದು. ಆ ಎಲುಬಿಗೆ ರಕ್ತಸಂಚಾರ ಕಡಿಮೆಯಾಗಿರುವುದರಿಂದ ಗಾಯ ಮಾಯದೆ ದವಡೆಯೇ ಕೊಳೆಯಬಹುದು. ಊರಿನ ದಂತವೈದ್ಯರಲ್ಲಿಗೆ ಹೋದಾಗ ‘ನನಗೆ ಕರೆಂಟು ಕೊಟ್ಟಿದ್ದಾರೆ’ ಎಂಬುದೇ ಮೊದಲ ಮಾತಾಗಲಿ.

ತಂಬಾಕು, ಗುಟ್ಕಾ ಮತ್ತೆ ಹತ್ತಿರ ಬರಬಾರದೆಂಬುದನ್ನು ವಿವರಿಸಬೇಕಿಲ್ಲ. ಆದರೆ ‘ತಂಬಾಕಿಲ್ಲದ ಬರೀ ಎಲೆ ಅಡಿಕೆ’ ಎಂಬ ರಿಯಾಯಿತಿಯೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು. ನಮ್ಮ ಭಕ್ತರಲ್ಲಿಯೂ ತೋಟದವರು ಬಹಳ. ಈ ಮಾತು ಅವರಿಗೆ ರುಚಿಸದು, ನಮಗೂ ಹೇಳಲು ಸುಲಭವಲ್ಲ. ಆದರೂ ಬಾಯಿಯ ಶಸ್ತ್ರಚಿಕಿತ್ಸೆಯಾದವರ ಮುಂದೆ ಮರ್ಯಾದೆಗೆಂದು ತಾಂಬೂಲದ ತಟ್ಟೆ ಹಿಡಿದು ಒತ್ತಾಯಿಸುವುದು ಮರ್ಯಾದೆಯಾಗದು. ಬಿಡಲು ನೆರವು ಬೇಕಾದವರಿಗೆ 1800112356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ.

ಸ್ತನ ಕ್ಯಾನ್ಸರಿನ ಅನೇಕರಿಗೆ ದಿನಕ್ಕೊಂದು ಹಾರ್ಮೋನು ಮಾತ್ರೆ 5 ವರ್ಷ, ಕೆಲವರಿಗೆ 10 ವರ್ಷ ಇರುತ್ತದೆ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮೈ ಬಿಸಿಯೇರಿ ಬೆವರುವುದುಂಟು. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಪಡೆಯುವವರಿಗೆ ಕೀಲು ನೋವು, ಎಲುಬು ಸವೆಯುವುದು. ಇವುಗಳಿಗೆ ಉಪಾಯಗಳಿವೆ, ಕೇಳಬೇಕು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವವಾದರೆ ತಡಮಾಡದೆ ತಿಳಿಸಬೇಕು. ಮಾತ್ರೆ ಮರೆಯುವವರಿಗೆ ನಾವು ಹೇಳುವುದಿಷ್ಟೆ: ನಿತ್ಯಪೂಜೆಯ ಸ್ಥಳದಲ್ಲಿಯೇ ಡಬ್ಬಿ ಇರಲಿ, ಪೂಜೆ ಮುಗಿದೊಡನೆ ಮಾತ್ರೆ. ಪೂಜೆ ತಪ್ಪದವರಿಗೆ ಅದೂ ತಪ್ಪುವುದಿಲ್ಲ. ಇದರ ಬದಲಿಗೆಂದು ಯಾರೋ ಕೊಟ್ಟ ಪುಡಿ, ಕಷಾಯಗಳನ್ನು ನಂಬಿ ಮಾತ್ರೆ ಬಿಟ್ಟವರನ್ನು ಕಂಡು ನಾವು ನೊಂದಿದ್ದೇವೆ. ಮಠದ ಪ್ರಸಾದವೂ ಮಾತ್ರೆಗೆ ಬದಲಿಯಲ್ಲ.

ಕಾಯಕಕ್ಕೆ ಮರಳುವ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಅಂಗಡಿಯವನು ಮಧ್ಯಾಹ್ನ ಎರಡು ಗಂಟೆ ಬಾಗಿಲು ಹಾಕಬಹುದು. ಕೂಲಿಯವಳಿಗೆ ಅರ್ಧ ದಿನದ ಕೆಲಸವೆಂದರೆ ಅರ್ಧ ಕೂಲಿ. ಒಕ್ಕಲುತನದ ಮನೆಯಲ್ಲಿ ಬಿಸಿಲು ಏರುವ ಮೊದಲು ಒಂದು ಹೊತ್ತಿನ ಕೆಲಸ, ಔಷಧ ಸಿಂಪಡಿಸುವುದು ಬೇರೆಯವರಿಗೆ, ಎಂಬಂತೆ ಹಂಚಿಕೊಳ್ಳಬಹುದು. ನೌಕರಿಯಲ್ಲಿರುವವರು ರೋಗದ ಎಲ್ಲ ವಿವರವನ್ನು ಸಹೋದ್ಯೋಗಿಗಳಿಗೆ ಹೇಳಬೇಕಾಗಿಲ್ಲ. ಮೇಲಧಿಕಾರಿಗೆ ಮಾತ್ರ, ವೈದ್ಯರ ಪತ್ರದೊಂದಿಗೆ, ಏನು ಸಾಧ್ಯ ಏನು ಅಸಾಧ್ಯ ಎಂಬುದನ್ನು ಲಿಖಿತವಾಗಿ ತಿಳಿಸುವುದು ಲೇಸು: ‘ಮೂರು ತಿಂಗಳಿಗೊಮ್ಮೆ ಒಂದು ದಿನ ರಜೆ ಬೇಕು, ಆರು ತಿಂಗಳು ರಾತ್ರಿ ಪಾಳಿ ಬೇಡ, ಭಾರ ಎತ್ತುವ ಕೆಲಸ ಬೇಡ.’

ಹಕ್ಕುಗಳನ್ನು ತಿಳಿದಿರಬೇಕು. ಕಾರ್ಖಾನೆ, ಅಂಗಡಿ, ಶಾಲೆಗಳಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ವೇತನ ಪಡೆಯುತ್ತ ಇಎಸ್‌ಐಗೆ ಒಳಪಟ್ಟವರಿಗೆ, ಎರಡು ವರ್ಷದ ವಿಮಾಸೇವೆ ಹಾಗೂ ವಂತಿಗೆಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರ್ ಮುಂತಾದ 34 ದೀರ್ಘಕಾಲದ ರೋಗಗಳಲ್ಲಿ ವೇತನದ 80%ರಷ್ಟು ಭತ್ಯೆ ಗರಿಷ್ಠ ಎರಡು ವರ್ಷದವರೆಗೆ ದೊರೆಯುತ್ತದೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡು ಮಾತು ಕಳೆದುಕೊಂಡವರ ಸ್ಥಿತಿಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗವೈಕಲ್ಯವೆಂದು ಗುರುತಿಸಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಬೇರೆ ಹುದ್ದೆಗೆ ವರ್ಗಾಯಿಸಬಹುದು. ಖಾಸಗಿ ಕೆಲಸದವರಿಗೆ ಇಷ್ಟು ಗಟ್ಟಿಯಾದ ಆಸರೆ ಇಲ್ಲವೆಂಬುದನ್ನೂ ಮರೆಮಾಚಬಾರದು. ಅಲ್ಲಿ ನಡೆಯುವುದು ಮಾಲೀಕರ ಮನಸ್ಸಿನ ಮೇಲೆ. ನಮ್ಮ ಭಕ್ತರಲ್ಲಿಯೇ ಅಂಗಡಿ, ಗಿರಣಿ, ಸಂಸ್ಥೆಗಳ ಒಡೆಯರು ಅನೇಕರಿದ್ದಾರೆ. ತಮ್ಮಲ್ಲಿ ದುಡಿದು ಕಾಯಿಲೆ ಬಿದ್ದವರಿಗೆ ಆರು ತಿಂಗಳು ಹಗುರ ಕೆಲಸ ಕೊಡುವುದು ಅವರ ಕೈಯಲ್ಲಿದೆ.

ಹೇಳಲು ಕಷ್ಟವಾದ ಮಾತೊಂದಿದೆ. ‘ಹೊರಗೆ ತಿಳಿದರೆ ಮಗಳಿಗೆ ಗಂಡು ಸಿಗುವುದಿಲ್ಲ’ ಎಂದು ತಾಯಿಯ ರೋಗವನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಮುಚ್ಚಿಡುವ ಸಲುವಾಗಿಯೇ ತಪಾಸಣೆ ತಪ್ಪುತ್ತದೆ; ಬೆಂಗಳೂರಿಗೆ ಏಕೆ ಹೋಗುತ್ತೀರಿ ಎಂದು ಬೀಗರು ಕೇಳಿಯಾರೆಂಬ ಅಂಜಿಕೆ. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಮನೆಯಲ್ಲಿ ಹಲವರಿಗೆ, ಅಥವಾ ಎಳೆಯ ವಯಸ್ಸಿನಲ್ಲಿ ಬಂದಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ತಟ್ಟೆ, ಲೋಟ ಬೇರೆ ಮಾಡುವುದು ಅಜ್ಞಾನ. ಗಂಡಹೆಂಡಿರ ಸಾಮೀಪ್ಯಕ್ಕೂ ರೋಗವು ಅಡ್ಡಿಯಲ್ಲ. ಆದರೆ ದೇಹ ಬದಲಾದ ನಾಚಿಕೆ, ನೋವು, ಒಣಗುವಿಕೆಯಿಂದ ದೂರವಾಗುವ ದಂಪತಿಗಳಿದ್ದಾರೆ. ಇದನ್ನು ತಪಾಸಣೆಯಲ್ಲಿ ಕೇಳುವುದು ತಪ್ಪಲ್ಲ, ವೈದ್ಯರಿಗೆ ಇದು ಹೊಸದೂ ಅಲ್ಲ. ಗಂಧ, ಹೂವು, ಕುಪ್ಪಸ ಬಿಟ್ಟು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ ತಾಯಂದಿರಿಗೆ ಪತಿಯ ಒಂದು ಸಹಜ ನೋಟವೇ ಬೇಕಾಗಿರುತ್ತದೆ.

ಆರೈಕೆ ಮಾಡಿದವರನ್ನು ಕೇಳುವವರು ಕಡಿಮೆ. ಎಂಟು ತಿಂಗಳು ಆಸ್ಪತ್ರೆಯ ವರಾಂಡದಲ್ಲಿ ಮಲಗಿದ ಮಗ, ಕೆಲಸ ಬಿಟ್ಟು ಬಂದ ಮಗಳು, ಅವರಿಗೂ ಬೆನ್ನುನೋವು, ಸಾಲ, ಸಿಟ್ಟು ಉಂಟು. ಮುಂದಿನ ತಪಾಸಣೆಗೆ ಚಿಕ್ಕಪ್ಪನೋ ಅಳಿಯನೋ ನೆರೆಯವರೋ ಜೊತೆಗೆ ಹೋದರೆ ಆ ಒಂದು ದಿನದ ಬಿಡುವು ದಾಸೋಹವೇ ಸರಿ.

ಪ್ರಯಾಣದ ಬಗ್ಗೆ ಕೊನೆಯದಾಗಿ ಕೆಲವು ವಿಷಯಗಳು. ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರರಿಗೆ 75% ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಬೀದರ, ರಾಯಚೂರಿನವರು ಪ್ರತಿ ಬಾರಿಯೂ ಬೆಂಗಳೂರಿನ ಕಿದ್ವಾಯಿಗೇ ಹೋಗಬೇಕೇ, ಅಥವಾ ನಡುನಡುವೆ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ತೋರಿಸಿದರೆ ಸಾಕೇ ಎಂದು ವೈದ್ಯರನ್ನೇ ಕೇಳಬಹುದು. ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ವಿವರ, ಯಾವ ಕೀಮೋ ಎಷ್ಟು ಬಾರಿ, ಯಾವ ಭಾಗಕ್ಕೆ ಎಷ್ಟು ವಿಕಿರಣ, ಈ ಕಾಗದಗಳು ಒಂದೇ ಕಡತದಲ್ಲಿರಲಿ. ಅವುಗಳ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ವೈದ್ಯರ ಮುಂದೆ ಕುಳಿತಾಗ ಕೇಳಬೇಕೆಂದದ್ದು ಮರೆತುಹೋಗುತ್ತದೆ, ಆದ್ದರಿಂದ ಹಿಂದಿನ ಸಂಜೆಯೇ ಬರೆದುಕೊಳ್ಳಬೇಕು. ತಾಯಿಯೊಬ್ಬರು ತೋರಿಸಿದ ನೋಟ್‌ಪುಸ್ತಕದಲ್ಲಿ ಮೂರೇ ಪ್ರಶ್ನೆಗಳಿದ್ದವು: ಕೈ ಬಾವಿಗೆ ಏನು ಮಾಡಲಿ, ಮೊಣಕಾಲು ನೋವು ಮಾತ್ರೆಯಿಂದಲೋ, ಜಾತ್ರೆಯ ಪಾದಯಾತ್ರೆಗೆ ಹೋಗಬಹುದೇ. ಮೂರನೆಯದರ ಕೆಳಗೆ ವೈದ್ಯರೇ ಬರೆದಿದ್ದರು: ಹೋಗಿ, ಮೊದಲ ದಿನ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಬೇಡ, ಚೀಲ ಬೇರೆಯವರು ಹೊರಲಿ.